ತಾಮ್ರದ ಬಿಲ್ಲೆಯೂ ಕೊಟ್ಟ ಮಾತೂ

ವರ್ತಕನೊಬ್ಬನು ತನ್ನ ಹೆಸರನ್ನು ತಾಮ್ರದ ಬಿಲ್ಲೆಯ ಮೇಲೆ ಒತ್ತಿಸಿ, ಇದನ್ನು ಹಣವೆಂದು ತೆಗೆದುಕೊಳ್ಳಿರಿ ಎಂದು ಹೇಳಿದರೆ, ಅವನು ಯಾರಿಗೆ ಸಾಲಗಾರನಾಗುವನು? ಮೊದಲು ತೆಗೆದುಕೊಂಡವನಿಗೋ, ಅದು ಕಟ್ಟಕಡೆಗೆ ಯಾವನ ಕೈಯಲ್ಲಿ ಉಳಿಯುವದೋ ಅವನಿಗೋ?

ಆಸ್ಟ್ರೇಲಿಯ ದೇಶದ ಇಂಗ್ಲಿಷ್ ವಸಾಹತುಗಳಲ್ಲಿ ಇದು ಬರೀ ತರ್ಕವಾಗಿರಲಿಲ್ಲ. ಅಲ್ಲಿ ಚಿಲ್ಲರೆ ತಾಮ್ರಕ್ಕೆ ಬಹಳ ಕೊರತೆಯಿದ್ದದರಿಂದ 1849ರಲ್ಲಿ ಮೆಲ್ಬರ್ನ್ ಪಟ್ಟಣದ ಆನಂಡ್ ಸ್ಮಿತ್ ಎಂಬ ದಿನಸಿ ವ್ಯಾಪಾರಿಗಳು ತಮ್ಮ ಹೆಸರಿನ ಪೆನ್ನಿ ಬಿಲ್ಲೆಗಳನ್ನು ಹೊರಡಿಸಿದರು. 1851ರಲ್ಲಿ ಬಂಗಾರ ದೊರೆತು ಜನರು ಗುಂಪುಗುಂಪಾಗಿ ಬಂದಿಳಿಯಲಾಗಿ, ಚಹಾ ಮಾರುವವರೂ ಕಬ್ಬಿಣದ ವರ್ತಕರೂ ಹಾಗೆಯೇ ಮಾಡಿದರು. ಕೆಲವನ್ನು ಬರ್ಮಿಂಗ್‌ಹ್ಯಾಮಿನಿಂದ ತರಿಸಿದರು. ಕೆಲವನ್ನು ಅಲ್ಲಿಯೇ ಅಚ್ಚು ಹಾಕಿಸಿದರು. ಅನೇಕ ಬಿಲ್ಲೆಗಳು ಸರಕಾರದ ಪೆನ್ನಿಗಿಂತ ಹಗುರವಾಗಿದ್ದವು. ಆದಾಗ್ಯೂ ಅವುಗಳಲ್ಲಿ ಹಲವಕ್ಕೆ ಹಾಕಿಸಿದ ಚಿತ್ರ ಯಾವದು? ತಕ್ಕಡಿ ಹಿಡಿದ ನ್ಯಾಯದೇವತೆ! ತೂಕ ಕಡಿಮೆಯಾದ ತಾಮ್ರಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷಿ ಬೇಕೇ?

ಆದರೆ ನಾವು ವರ್ತಕರನ್ನು ಅವಸರದಿಂದ ಖಂಡಿಸಲಾರೆವು. ಚಿಲ್ಲರೆ ಇಲ್ಲದೆ ಕೂಲಿಯವನು ರೊಟ್ಟಿಯನ್ನು ಹೇಗೆ ಕೊಂಡುಕೊಂಡಾನು? ರಾಜಮುದ್ರೆಯ ನಾಣ್ಯವಾದರೂ ತನ್ನ ತಾಮ್ರದ ಬೆಲೆಗಿಂತ ಹೆಚ್ಚಿಗೇ ನಡೆಯುತ್ತದೆ. ಹೀಗಿರಲಾಗಿ ತಪ್ಪು ತೂಕದಲ್ಲಿ ಅಲ್ಲ, ಮಾತಿನಲ್ಲಿ ಉಂಟು. 1787ರಲ್ಲಿ ವೇಲ್ಸ್ ಸೀಮೆಯ ಆಂಗಲ್ಸೀ ದ್ವೀಪದ ಪ್ಯಾರಿಸ್ ತಾಮ್ರಗಣಿಯವರು ಹೊರಡಿಸಿದ ಪೆನ್ನಿಯ ಮೇಲೆ, ಇದನ್ನು ತಂದವನಿಗೆ ಒಂದು ಪೆನ್ನಿಯನ್ನು ಕೊಡುವೆವೆಂದೂ, ಅಂಚಿನಲ್ಲಿ ಲಂಡನ್, ಲಿವರ್‌ಪೂಲ್, ಆಂಗಲ್ಸೀ ಎಂಬ ಸ್ಥಳಗಳ ಹೆಸರನ್ನೂ ಬರೆಯಿಸಿದ್ದರು. ತಂದವನು ಯಾವನೇ ಆಗಿರಲಿ! ಆಸ್ಟ್ರೇಲಿಯದ ಬಹಳಷ್ಟು ಬಿಲ್ಲೆಗಳ ಮೇಲೆ ಅಂಥ ಮಾತಿಲ್ಲ. ಅಂಗಡಿಯ ಹೆಸರೂ ವ್ಯಾಪಾರವೂ ಬೀದಿಯೂ ಮಾತ್ರ ಇರುವವು. ಅವು ಹಣವೂ ಹೌದು, ಜಾಹೀರಾತೂ ಹೌದು. ಜಾಹೀರಾತು ಯಾರಿಗೂ ಸಾಲಗಾರನಲ್ಲವಷ್ಟೆ.

ಇಂಥ ಬಿಲ್ಲೆಗಳನ್ನು ವಿಕ್ಟೋರಿಯದಲ್ಲಿ 1863ರಲ್ಲಿಯೂ ನ್ಯೂ ಸೌತ್ ವೇಲ್ಸಿನಲ್ಲಿ 1868ರಲ್ಲಿಯೂ ನಿಷೇಧಿಸಿದರು. ಅಂಥ ದಿನದಲ್ಲಿ ಐಶ್ವರ್ಯವಂತನ ಪೆಟ್ಟಿಗೆಯಲ್ಲಿ ಬಂಗಾರವಿರುವದು. ಬಿಲ್ಲೆಗಳಿರುವದು ಬಡವಳ ಸೆರಗಿನ ಗಂಟಿನಲ್ಲಿ.

ಈಗ ಅವನ್ನು ಹವ್ಯಾಸಿಗಳು ಕೂಡಿಸುತ್ತಾರೆ. ಇದೂ ಹೊಸದಲ್ಲ. 1790ರ ದಶಕದಲ್ಲಿಯೇ ಇಂಗ್ಲೆಂಡಿನಲ್ಲಿ ಈ ಆಶೆ ಎಷ್ಟು ಬಲವಾಯಿತೆಂದರೆ, ಅಚ್ಚಿನವರು ಒಂದರ ಮುಖವನ್ನು ಮತ್ತೊಂದರ ಬೆನ್ನಿಗೆ ಸೇರಿಸಿ, ಯಾವ ಅಂಗಡಿಯಲ್ಲಿಯೂ ನಡೆಯದ ಬಿಲ್ಲೆಗಳನ್ನು ಕೂಡಿಸುವವರಿಗಾಗಿಯೇ ಮಾಡಿ ಮಾರಿದರು. ಹವ್ಯಾಸಿಯು ಹೆಚ್ಚು ಬೆಲೆ ಕೊಡುವದು ಸವೆಯದ ಬಿಲ್ಲೆಗೆ, ಅಂದರೆ ಯಾರ ಹಸಿವಿಗೂ ಒದಗದೆ ಉಳಿದದ್ದಕ್ಕೆ. ಅದರಲ್ಲಿ ದೋಷವೇನೂ ಇಲ್ಲ. ಅಂದವಾದದ್ದನ್ನು ಕಾಪಾಡುವದು ಒಳ್ಳೇದೇ. ಆದರೆ ನಮ್ಮ ಮುಂದೆ ಎರಡನ್ನೂ ಇಟ್ಟರೆ ನಾವು ಸವೆದದ್ದನ್ನೇ ಆರಿಸುವೆವು. ವರ್ತಕನ ಹೆಸರು ಅಳಿದು ಓದಲು ಬಾರದಂತಾದ ಮೇಲೆಯೂ ಜನರು ಅದನ್ನು ಒಬ್ಬರಿಂದೊಬ್ಬರು ತೆಗೆದುಕೊಂಡಿದ್ದರು.