ಅನ್ನಪಾನನಿರೋಧವೆಂಬ ಅತಿಚಾರವೂ ಕಾಲು ಕಳೆದುಕೊಂಡ ನಾಯಿಯ ಶುಶ್ರೂಷೆಯೂ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು ಐದೆಂದು ತಿಳಿಸಿರುವರು. ಕಟ್ಟಿಹಾಕುವುದು ಬಂಧ, ಕೋಲು ಚಾಟಿಗಳಿಂದ ಹೊಡೆಯುವುದು ವಧ, ಅವಯವವನ್ನು ಕತ್ತರಿಸುವುದು ಛೇದ, ಶಕ್ತಿಗೆ ಮೀರಿ ಹೊರಿಸುವುದು ಅತಿಭಾರಾರೋಪಣ, ಹಸಿವು ಬಾಯಾರಿಕೆಗಳ ಹೊತ್ತಿಗೆ ಅನ್ನನೀರು ಕೊಡದಿರುವುದು ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲೆಯಲ್ಲ, ಹೊಡೆತ ಮಾತ್ರ. ಕೊಂದ ಮೇಲೆ ಅತಿಚಾರದ ಮಾತೆಲ್ಲಿಯದು? ವ್ರತವೇ ಮುರಿದಂತಾಯಿತು. ಈ ಐದನ್ನೂ ಒಟ್ಟಿಗೆ ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಇವು ಹೆಚ್ಚಾಗಿ ಮನೆಯ ಅಂಗಳದಲ್ಲಿ, ಮನುಷ್ಯನ ಕೈಯ ಅನ್ನವನ್ನೇ ನಂಬಿಕೊಂಡಿರುವ ಜೀವಿಗೆ ಆಗುವ ಅಪರಾಧಗಳು. ಅಂಥ ಜೀವಿಯೊಂದು ಅಂಗಹೀನವಾಗಿ ಮಲಗಿದಾಗ ಐದೂ ಅತಿಚಾರಗಳು ಒಮ್ಮೆಲೇ ಬಾಗಿಲಿಗೆ ಬಂದು ನಿಲ್ಲುತ್ತವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ನಾಯಿಯ ಕಾಲು ಹೋಗುವುದಕ್ಕೆ ಎರಡು ದಾರಿಗಳು ಎಲ್ಲರಿಗೂ ತಿಳಿದವು. ಒಂದು ಹೆದ್ದಾರಿ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅರಬೈಲು ಘಟ್ಟವಿಳಿದು ಅಂಕೋಲೆಗೆ ಹೋಗುವ ಲಾರಿಗಳ ಸಾಲಿಗೆ ಸಿಕ್ಕ ನಾಯಿ ಬದುಕಿ ಉಳಿದರೆ ಅದೇ ಹೆಚ್ಚು. ಇನ್ನೊಂದು, ಹಂದಿಯ ಕಾಟಕ್ಕೆಂದು ತೋಟ ಗದ್ದೆಗಳ ಅಂಚಿನಲ್ಲಿ ಒಡ್ಡುವ ತಂತಿಯ ಉರುಳು. ಉರುಳಿಗೆ ಸಿಕ್ಕ ನಾಯಿ ಎಳೆದಷ್ಟೂ ತಂತಿ ಬಿಗಿಯುತ್ತದೆ, ರಕ್ತಸಂಚಾರ ನಿಲ್ಲುತ್ತದೆ, ಕೆಳಗಿನ ಕಾಲು ತಣ್ಣಗಾಗಿ ಕಪ್ಪಿಡುತ್ತದೆ. ಕೊಳೆತ ಭಾಗದ ನಂಜು ಮೈಗೆ ಏರುವ ಮೊದಲು ಕಾಲನ್ನು ತೆಗೆಯದಿದ್ದರೆ ನಾಯಿ ಉಳಿಯದೆಂದು ಪಶುವೈದ್ಯರು ಹೇಳುತ್ತಾರೆ. ಶ್ರಾವಕನ ಮನಸ್ಸಿಗೆ ಮೊದಲು ತಟ್ಟುವ ಪ್ರಶ್ನೆ ಆಗಲೇ ಹುಟ್ಟುವುದು: ಛೇದವು ಅತಿಚಾರವೆಂದ ಮೇಲೆ, ಸಾಕಿದ ನಾಯಿಯ ಕಾಲನ್ನು ಕತ್ತರಿಸಲು ತಾನೇ ಒಪ್ಪಿಗೆ ಕೊಡಬಹುದೆ?

ಉತ್ತರವೂ ಅದೇ ಅಧ್ಯಾಯದಲ್ಲಿದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಾಣಕ್ಕೆ ಆಗುವ ನೋವನ್ನಷ್ಟೇ ಹೇಳಿ ನಿಲ್ಲಿಸಲಿಲ್ಲ. ಪ್ರಮತ್ತಯೋಗವನ್ನು, ಎಂದರೆ ಕಷಾಯಕ್ಕೆ ವಶವಾದ ಅಜಾಗರೂಕ ಮನೋವಚನಕಾಯಗಳನ್ನು, ಮೊದಲಿಗೆ ಇಟ್ಟರು. ಬಾಲ ಮೊಂಡಾಗಿದ್ದರೆ ಚಂದವೆಂದೋ ಕಿವಿ ನೆಟ್ಟಗೆ ನಿಲ್ಲಲೆಂದೋ ಮರಿಯ ಅಂಗವನ್ನು ಕೊಯ್ಯಿಸುವುದು ಛೇದ. ಅದರಲ್ಲಿ ಎರಡು ಮಾತಿಲ್ಲ. ಪ್ರಾಣವನ್ನು ಉಳಿಸಲೆಂದು, ಅರಿವಳಿಕೆ ಕೊಟ್ಟು, ಸತ್ತ ಅವಯವವನ್ನು ಬೇರ್ಪಡಿಸುವುದು ಚಿಕಿತ್ಸೆ. ಕತ್ತಿ ಒಂದೇ ಆದರೂ ಹಿಡಿದ ಭಾವ ಬೇರೆ. ಪಾದವಷ್ಟೇ ಕೆಟ್ಟಿರುವಾಗ ವೈದ್ಯರು ಕಾಲನ್ನೆಲ್ಲ ಮೇಲಿನವರೆಗೆ ತೆಗೆದುದೇಕೆಂದು ಮನೆಯವರು ಮರುಗುವುದುಂಟು. ಮೋಟು ಉಳಿಸಿದರೆ ನಾಯಿ ಅದನ್ನೇ ನೆಲಕ್ಕೆ ಊರಲು ಹೋಗುತ್ತದೆ, ತಿಕ್ಕಿ ತಿಕ್ಕಿ ಹುಣ್ಣಾಗುತ್ತದೆ. ಅದಕ್ಕಾಗಿಯೇ ಮೇಲಕ್ಕೆ ಕೊಯ್ಯುವುದು.

ಇದೇ ಹೊತ್ತಿಗೆ ಯಾರಾದರೊಬ್ಬರು, ಕರುಣೆಯಿಂದಲೇ, ಇನ್ನೊಂದು ಮಾತನ್ನು ಆಡುವರು: “ಮೂರು ಕಾಲಿನಲ್ಲಿ ಅದು ಹೇಗೆ ಬದುಕೀತು? ಒಂದು ಸೂಜಿ ಹಾಕಿಸಿ ಕಳಿಸಿಬಿಡಿ.” ಜೈನಗೃಹಸ್ಥನು ಈ ಮಾತಿಗೆ ಒಪ್ಪಲಾರನು. ಸಲ್ಲೇಖನವು ಅರಿತು ತಾನೇ ಸ್ವೀಕರಿಸುವ ವ್ರತ; ಒಬ್ಬರು ಇನ್ನೊಬ್ಬರಿಗೆ ಕೊಡಿಸುವ ಮರಣಕ್ಕೆ ಆ ಹೆಸರು ಸಲ್ಲದು. ಅಲ್ಲದೆ ಆ ಮಾತಿನೊಳಗೆ ಅಡಗಿರುವ ಊಹೆಯೂ ಸರಿಯಲ್ಲ. ಕಾಲು ಕಳೆದುಕೊಂಡ ಮನುಷ್ಯನಿಗೆ ನೋವಿನ ಜೊತೆಗೆ ನಾಚಿಕೆಯೂ ನಾಳಿನ ಚಿಂತೆಯೂ ಇರುತ್ತವೆ. ನಾಯಿಯು ನೋವು ಇಳಿದ ದಿನವೇ ಏಳಲು ನೋಡುತ್ತದೆ. ಹೆಚ್ಚಿನ ನಾಯಿಗಳು ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿ ಮೂರು ಕಾಲುಗಳ ಮೇಲೆ ನಿಲ್ಲುತ್ತವೆ, ಕೆಲವು ವಾರಗಳಲ್ಲಿ ಓಡುತ್ತವೆ. ಮೈಭಾರದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆ ಬೀಳುವುದರಿಂದ ಮುಂಗಾಲು ಹೋದ ನಾಯಿಗೆ ಹೊಂದಿಕೊಳ್ಳಲು ತುಸು ಹೆಚ್ಚು ದಿನ ಬೇಕಾದೀತು, ಅಷ್ಟೆ.

ಪಶುವಿನ ಶುಶ್ರೂಷೆಯು ಜೈನರಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. 12ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದ ಕೀರ್ತಿವರ್ಮನು ಚಾಲುಕ್ಯ ರಾಜಕುಲದ ಜೈನನು. ದೆಹಲಿಯ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಗಾಯಗೊಂಡ ಪಕ್ಷಿಗಳ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ನಾಯಿಯನ್ನು ಹೀನವೆಂದು ಎಣಿಸುವವರು ನಮ್ಮವರಲ್ಲಿಯೂ ಇಲ್ಲದಿಲ್ಲ. ಸಮಂತಭದ್ರಾಚಾರ್ಯರಾದರೋ ರತ್ನಕರಂಡಕದಲ್ಲಿ, ಧರ್ಮದಿಂದ ನಾಯಿಯೂ ದೇವನಾಗಬಹುದು, ಪಾಪದಿಂದ ದೇವನೂ ನಾಯಿಯಾಗಬಹುದು ಎಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಟ್ಟಿರುವರು. ಜೀವಂಧರಕುಮಾರನು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿ ಅದು ಯಕ್ಷನಾಗಿ ಹುಟ್ಟಿದ ಕಥೆ ಮಕ್ಕಳಿಗೂ ಗೊತ್ತು. 1424ರಲ್ಲಿ ಭಾಸ್ಕರಕವಿಯು ಷಟ್ಪದಿಯಲ್ಲಿ ಬರೆದ ಚರಿತೆಯ ನಾಯಕನೂ ಈ ಕುಮಾರನೇ. ಆದರೆ ಕಥೆಯ ನಾಯಿ ಸಾವಿನ ಅಂಚಿನಲ್ಲಿತ್ತೆಂಬುದನ್ನು ಮರೆಯಬಾರದು. ಬದುಕಬಲ್ಲ ನಾಯಿಯ ಕಿವಿಯಲ್ಲಿ ಮಂತ್ರವನ್ನು ಹೇಳಿ, ಗಾಯಕ್ಕೆ ಔಷಧ ಹಚ್ಚದೆ ಎದ್ದು ಹೋದವನು ಜೀವಂಧರನ ದಾರಿಯಲ್ಲಿ ನಡೆದಂತಾಗಲಿಲ್ಲ.

ನಾಯಿಯನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಮೊದಲ ಹದಿನಾಲ್ಕು ದಿನಗಳು ಮುಖ್ಯ. ಹೊಲಿಗೆ ಬಿಚ್ಚುವುದು ಸಾಧಾರಣವಾಗಿ 10ರಿಂದ 14 ದಿನಗಳಿಗೆ. ಅಲ್ಲಿಯವರೆಗೆ ಓಟ, ಜಿಗಿತ, ಜಗಲಿಯ ಮೆಟ್ಟಿಲು ಬೇಡ, ಸ್ನಾನವೂ ಬೇಡ. ಆಗ ಕಟ್ಟಬೇಕಾಗುತ್ತದೆ, ಗಾಯವನ್ನು ನೆಕ್ಕದಂತೆ ಕೊರಳಿಗೆ ಕೊಳಗದಂಥ ಪಟ್ಟಿಯನ್ನೂ ಹಾಕಬೇಕಾಗುತ್ತದೆ. ಇದು ಬಂಧವಲ್ಲವೆ? ಹಿತಕ್ಕಾಗಿ ಕಟ್ಟಿದ್ದು ಹೌದಾದರೂ, ಕಟ್ಟಿದವನು ಮರೆತ ಕ್ಷಣದಲ್ಲಿ ಅದು ಬಂಧವೇ ಆಗುತ್ತದೆ. ಹಗ್ಗವು ಮಗ್ಗುಲು ಬದಲಿಸುವಷ್ಟು ಉದ್ದವಿರಲಿ. ಕೊರಳ ಪಟ್ಟಿಯಿದ್ದರೂ ನೀರಿನ ಪಾತ್ರೆಗೆ ಬಾಯಿ ತಾಗುವುದೇ ಎಂದು ಕುಳಿತು ನೋಡಬೇಕು. ಮಲೆನಾಡಿನ ಮನೆಗಳ ನುಣುಪಾದ ನೆಲ ಮೂರು ಕಾಲಿನ ಜೀವಿಗೆ ಶತ್ರು. ಗೋಣಿತಾಟನ್ನೋ ನಾರಿನ ಚಾಪೆಯನ್ನೋ ಮಲಗುವಲ್ಲಿಂದ ಬಾಗಿಲಿನವರೆಗೆ ಹಾಸಿದರೆ ಅರ್ಧ ಕಷ್ಟ ಕಳೆಯಿತು. ಹಿಂಗಾಲು ಹೋದ ನಾಯಿಯನ್ನು ಮೊದಲ ದಿನಗಳಲ್ಲಿ ಮಲಮೂತ್ರಕ್ಕೆ ಒಯ್ಯುವಾಗ ಹೊಟ್ಟೆಯ ಕೆಳಗೆ ಒಂದು ಟವಲನ್ನು ತೂರಿಸಿ ಎರಡೂ ತುದಿಗಳನ್ನು ಮೇಲೆ ಹಿಡಿದುಕೊಳ್ಳಬೇಕು.

ಹಾಸಿಗೆಯ ವಿಷಯದಲ್ಲಿ ಪ್ರೋಷಧೋಪವಾಸದ ಅತಿಚಾರಗಳೇ ಪಾಠ ಹೇಳುತ್ತವೆ. ನೋಡದೆ, ಗುಡಿಸದೆ ಹಾಸಿಗೆಯನ್ನು ಹಾಸುವುದು ವ್ರತಿಗೆ ದೋಷ. ನಾಯಿಯ ಗೋಣಿಯನ್ನೂ ಹಾಗೆಯೇ ಕೊಡವಿ, ನೋಡಿ, ಬಿಸಿಲಿದ್ದರೆ ಒಣಗಿಸಿ ಹಾಸಬೇಕು. ಸೊಪ್ಪಿನ ಬೆಟ್ಟದಿಂದ ತಂದ ದರಕನ್ನು ಕೊಟ್ಟಿಗೆಗೆ ಹಾಸುವ ರೂಢಿಯಿದೆಯೆಂದು ನಾಯಿಗೂ ಅದನ್ನೇ ಹಾಸಬಾರದು. ಒಣ ಎಲೆಗಳಲ್ಲಿ ಉಣ್ಣಿಗಳಿರುತ್ತವೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದ ಕಡೆಯವರನ್ನೂ ಕಾಡಿದೆ, ಅದನ್ನು ಹರಡುವುದು ಉಣ್ಣಿಗಳೇ.

ಗಾಯವನ್ನು ನೋಡಲು ಹೇಸುವವರುಂಟು. ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಉದ್ದಾಯನರಾಜನು ದೃಷ್ಟಾಂತ. ಮುನಿರೂಪದ ದೇವನು ವಾಂತಿ ಮಾಡಿಕೊಂಡಾಗ ಅವನು ಹೇಸಲಿಲ್ಲ. ಆ ಅಂಗವನ್ನು ಹೇಳಿರುವುದು ರತ್ನತ್ರಯದಿಂದ ಪವಿತ್ರವಾದ ಶರೀರವನ್ನು ಕುರಿತು, ನಾಯಿಯ ಸೇವೆಯು ಮುನಿವೈಯಾವೃತ್ಯಕ್ಕೆ ಸಮವಲ್ಲ. ಈ ಭೇದವನ್ನು ಕಲಸಿಬಿಡಬಾರದು. ಜಿನಸೇನಾಚಾರ್ಯರು ಪಾತ್ರದತ್ತಿಯನ್ನೂ ದಯಾದತ್ತಿಯನ್ನೂ ಬೇರೆ ಬೇರೆಯಾಗಿಯೇ ಹೇಳಿರುವರು. ಆದರೆ ದಯಾದತ್ತಿಯ ಹೊತ್ತಿನಲ್ಲಿ ಮೂಗು ಮುಚ್ಚಿಕೊಳ್ಳುವವನು ಪಾತ್ರದತ್ತಿಯ ಹೊತ್ತಿಗೆ ಬೇರೊಂದು ಮನಸ್ಸನ್ನು ಎಲ್ಲಿಂದ ತಂದಾನು? ಮಡಿಯ ಚಿಂತೆಯಿದ್ದರೆ, ಪೂಜೆ ಮುಗಿಸಿ ಶುಶ್ರೂಷೆಗೆ ಹೋಗಬಹುದು, ಇಲ್ಲವೆ ಶುಶ್ರೂಷೆ ಮುಗಿಸಿ ಮಿಂದು ಪೂಜೆಗೆ ಹೋಗಬಹುದು.

ಮಳೆಗಾಲದಲ್ಲಿ ಗಾಯದ ಮೇಲೆ ನೊಣ ಕುಳಿತು ಹುಳುವಾಗುವುದು ದೊಡ್ಡ ಭಯ. ವ್ರತಿಗೆ ಇದು ನಿಜವಾದ ಇಕ್ಕಟ್ಟು: ಹುಳುವೂ ದ್ವೀಂದ್ರಿಯ ತ್ರಸಜೀವಿ, ಔಷಧ ಹಾಕಿದರೆ ಸಾಯುತ್ತದೆ, ಹಾಕದಿದ್ದರೆ ಪಂಚೇಂದ್ರಿಯ ಸಂಜ್ಞಿಯಾದ ನಾಯಿಯನ್ನು ಒಳಗಿನಿಂದ ತಿನ್ನುತ್ತದೆ. ಇಂಥಲ್ಲಿ ಔಷಧವನ್ನು ತಡೆಯುವುದು ದಯೆಯೆನಿಸದು. ಗೃಹಸ್ಥನು ಬಿಟ್ಟಿರುವುದು ಸಂಕಲ್ಪೀ ಹಿಂಸೆಯನ್ನು. ಹುಳುವನ್ನು ಕೊಲ್ಲಬೇಕೆಂಬ ಸಂಕಲ್ಪ ಇಲ್ಲಿಲ್ಲ. ಆದರೂ ದೋಷ ಶೂನ್ಯವೆಂದು ನಿಶ್ಚಿಂತನಾಗುವಂತಿಲ್ಲ, ಹುಳುವಾಗಲು ಬಿಟ್ಟ ಪ್ರಮಾದ ಅವನದೇ. ದಿನಕ್ಕೆ ಎರಡು ಬಾರಿ ಗಾಯವನ್ನು ಬೆಳಕಿನಲ್ಲಿ ನೋಡುವುದು, ಒಣಗಿರುವಂತೆ ಇಡುವುದು, ನೊಣ ಕೂರದಂತೆ ತೆಳುಬಟ್ಟೆಯ ಮರೆ ಮಾಡುವುದು, ಹುಣ್ಣು ವಾಸನೆ ಬಂದರೆ ಅಥವಾ ಕೀವು ಕಂಡರೆ ಅಂದೇ ವೈದ್ಯರಿಗೆ ತೋರಿಸುವುದು: ಯತ್ನಾಚಾರವೆಂದರೆ ಇದು. ಹೀಗೆ ನಡೆದರೆ ಎರಡು ಜಾತಿಯ ಜೀವಗಳೂ ಉಳಿಯುತ್ತವೆ.

ಇನ್ನು ಉಪವಾಸದ ದಿನದ ಮಾತು. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣಪರ್ವ. ಮಲೆನಾಡಿನಲ್ಲಿ ಅದು ಮಳೆ ಪೂರ್ತಿ ಹಿಂಗದ ಕಾಲ. ಮನೆಯಲ್ಲಿ ಒಬ್ಬರಿಗೆ ಏಕಾಶನ, ಒಬ್ಬರಿಗೆ ಉಪವಾಸ. ಅನಂತಚತುರ್ದಶಿಯಂದು ಒಲೆಯೇ ಹೊತ್ತದ ಮನೆಗಳೂ ಉಂಟು. ಆ ದಿನ ಜಗಲಿಯ ಮೂಲೆಯಲ್ಲಿ ಮಲಗಿರುವ ನಾಯಿಗೆ ಅನ್ನವೆಲ್ಲಿಂದ ಬರಬೇಕು? ಹಿಂದಿನ ದಿನದ ತಂಗಳಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. “ಅದೂ ನಮ್ಮ ಜೊತೆಗೆ ಉಪವಾಸ ಮಾಡಿತು, ಪುಣ್ಯಜೀವಿ” ಎಂದು ನಗುತ್ತ ಹೇಳಿಬಿಡುವುದೂ ಉಂಟು. ಅದು ಉಪವಾಸವಲ್ಲ, ಅನ್ನಪಾನನಿರೋಧ. ವ್ರತಿಯು ಆಹಾರವನ್ನು ತ್ಯಜಿಸಿದ್ದಾನೆ. ನಾಯಿಗೆ ಆಹಾರ ದೊರೆತಿಲ್ಲ. ಒಂದೇ ಹಸಿವು ಒಬ್ಬನಲ್ಲಿ ನಿರ್ಜರೆಗೆ ಕಾರಣವಾಗುತ್ತಿದ್ದರೆ, ಪಕ್ಕದಲ್ಲಿರುವ ಜೀವಿಯ ಹಸಿವು ಅದೇ ವ್ರತಿಗೆ ಆಸ್ರವವನ್ನು ತರುತ್ತಿರುತ್ತದೆ. ಗಾಯ ಮಾಯುತ್ತಿರುವ ಮೈಗೆ ಆಹಾರವು ಎಂದಿಗಿಂತ ಹೆಚ್ಚು ಬೇಕು, ಬರಿಹೊಟ್ಟೆಗೆ ಕೊಟ್ಟ ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಬಹುದು.

ಪ್ರೋಷಧದ ದಿನ ಆರಂಭವನ್ನು ಬಿಡಬೇಕು ನಿಜ. ಉಪವಾಸವಿಲ್ಲದ ಮನೆಯವರೊಬ್ಬರಿಗೆ, ಇಲ್ಲವೆ ನೆರೆಯವರಿಗೆ, ಹಿಂದಿನ ದಿನವೇ ಹೊತ್ತು ಅಳತೆಗಳನ್ನು ಹೇಳಿಟ್ಟರಾಯಿತು. ಯಾರೂ ಸಿಕ್ಕದಿದ್ದರೆ ವ್ರತಿಯೇ ಎದ್ದು ಅನ್ನವನ್ನು ಬೇಯಿಸಿ ಕೊಡುವುದು ಲೇಸು. ಹದಿನಾರು ಪ್ರಹರಗಳ ಉಪವಾಸವು ಒಂದು ಹಿಡಿ ಅಕ್ಕಿಯನ್ನು ಬೇಯಿಸಿದ್ದರಿಂದ ಕೆಡುವಷ್ಟು ದುರ್ಬಲವಲ್ಲ. ನೀರನ್ನು ಸೋಸಿಯೇ ಇಡಬೇಕೆಂಬುದನ್ನು ಜೈನರ ಮನೆಯಲ್ಲಿ ಹೇಳಬೇಕಾಗಿಲ್ಲ.

ಏನನ್ನು ಕೊಡಬೇಕು? ಮೊಟ್ಟೆ ಮಾಂಸಗಳನ್ನು ವೈದ್ಯರು ಸೂಚಿಸಬಹುದು. ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಔಷಧಕ್ಕೂ ಮಾಂಸ ಸಲ್ಲದೆಂದು ವಾದಿಸಿ ಸ್ಥಾಪಿಸಿರುವರು, ಮನೆಯ ನಿಯಮವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಅದರೊಳಗೆ ಸಾಕಷ್ಟು ಪುಷ್ಟಿ ದೊರೆಯುವ ಬಗೆಯನ್ನು ಕೇಳಿಕೊಳ್ಳಬೇಕು. ಚೆನ್ನಾಗಿ ಬೆಂದ ತೊಗರಿಬೇಳೆ, ಸೋಯಾ ಅವರೆ, ಪನೀರು, ಮೊಸರನ್ನ ಹೆಚ್ಚಿನ ನಾಯಿಗಳಿಗೆ ಒಗ್ಗುತ್ತವೆ. ಬರಿಯ ಗಂಜಿ ಸಾಲದು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಗೆ ವಿಷ. ವ್ರತದ ಮನೆಯಲ್ಲಿ ಆ ಭಯವಿಲ್ಲ. ಆದರೆ ಒಣದ್ರಾಕ್ಷಿಯೂ ವಿಷವೇ. ಪಾರಣೆಯ ದಿನ ಎಲೆಯಲ್ಲಿ ಉಳಿದ ಪಾಯಸವನ್ನು ಪ್ರೀತಿಯಿಂದ ನಾಯಿಗೆ ಹಾಕುವವರು ಇದನ್ನು ತಿಳಿದಿರಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಎಂದಿಗೂ ಕೊಡಬಾರದು.

ರಾತ್ರಿಭೋಜನತ್ಯಾಗದ ಮನೆಯಲ್ಲಿ ಸಂಜೆಯ ಔಷಧದ ತೊಡಕೊಂದಿದೆ. ಹನ್ನೆರಡು ತಾಸಿಗೊಮ್ಮೆ ಕೊಡುವ ಔಷಧವನ್ನು ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಹೊಂದಿಸಿಕೊಂಡರೆ ಸಾಮಾನ್ಯವಾಗಿ ಬಗೆಹರಿಯುತ್ತದೆ. ಹೊಂದದಿದ್ದರೆ ರಾತ್ರಿಯೇ ಕೊಡಬೇಕು. ರಾತ್ರಿ ಆಹಾರವನ್ನು ಬಿಟ್ಟು ಮುಂದೆ ಪ್ರೀತಿಂಕರನಾಗಿ ಹುಟ್ಟಿದ ನರಿಯ ಕಥೆಯನ್ನು ಇದಕ್ಕೆ ಅಡ್ಡ ತರುವವರಿಗೆ ಒಂದು ಮಾತು: ಆ ನರಿಯು ಮುನಿಗಳ ಉಪದೇಶವನ್ನು ತಾನೇ ಕೇಳಿ ತಾನೇ ವ್ರತವನ್ನು ಹಿಡಿಯಿತು, ಅದರ ಬಾಯಿಯನ್ನು ಯಾರೂ ಮುಚ್ಚಲಿಲ್ಲ.

ಶಸ್ತ್ರಚಿಕಿತ್ಸೆಯ ಮರುದಿನ ನಾಯಿಯು ಅನ್ನವನ್ನು ಮೂಸಿ ಮುಖ ತಿರುಗಿಸಿದರೆ, ಅದು ಸಲ್ಲೇಖನಕ್ಕೆ ನಿಂತಿತೆಂದು ಹೇಳುವ ಹಿರಿಯರಿದ್ದಾರೆ. ಮಹಾವೀರಸ್ವಾಮಿಯ ಜೀವವು ಸಿಂಹಪರ್ಯಾಯದಲ್ಲಿ ಆಹಾರವನ್ನು ತ್ಯಜಿಸಿದ ಪುರಾಣವು ಸತ್ಯ, ಸಂಜ್ಞಿ ತಿರ್ಯಂಚರು ಐದನೆಯ ಗುಣಸ್ಥಾನದವರೆಗೆ ಏರಬಲ್ಲರೆಂಬ ಸಿದ್ಧಾಂತವೂ ಸತ್ಯ. ಆದರೆ ಈ ನಾಯಿ ಉಣ್ಣದಿರುವುದು ನೋವಿನಿಂದ, ಅರಿವಳಿಕೆಯ ಮಂಪರಿನಿಂದ. ತುಸು ಬೆಚ್ಚಗೆ ಮಾಡಿದ ಅನ್ನವನ್ನು ಅಂಗೈಯಲ್ಲಿ ಹಿಡಿದು, ಪಕ್ಕದಲ್ಲಿ ಕುಳಿತು, ಎರಡು ತುತ್ತಾದರೂ ಒಳಹೋಗುವಂತೆ ಮಾಡಬೇಕು. ಎರಡು ದಿನವಾದರೂ ಮುಟ್ಟದಿದ್ದರೆ, ಅಥವಾ ಒಸಡು ಬಿಳಿಚಿಕೊಂಡರೆ, ವೈದ್ಯರಿಗೆ ತಿಳಿಸಬೇಕು. ಮೂರು ನಾಲ್ಕು ದಿನ ಮಲವಿಸರ್ಜನೆಯಾಗದಿದ್ದರೆ ಗಾಬರಿ ಬೇಡ. ಇಲ್ಲದ ಕಾಲಿನಲ್ಲಿ ನೋವೆದ್ದು ನಿದ್ದೆಯಲ್ಲಿ ಕಿರುಚುವುದೂ ಉಂಟು; ಆಗ ಗದರಿಸದೆ ತಲೆ ಸವರಿದರೆ ಸಾಕು. ಗದರಿಕೆಗೂ ಹೊಡೆತಕ್ಕೂ ನಡುವಿನ ಅಂತರ ಬಹಳ ಸಣ್ಣದು.

ಅತಿಭಾರವು ನಾಯಿಗೆಲ್ಲಿ ಎಂದರೆ, ಮೂರು ಕಾಲಿನ ನಾಯಿಗೆ ಅದರ ಮೈಯೇ ಭಾರ. ಗಾಯ ಮಾಸಿದ ಮೇಲೆ ಅತಿಯಾಗಿ ಉಣಿಸಿ ಕೊಬ್ಬಿಸಬಾರದು. ರಾತ್ರಿ ಹೊರಗೂ ಬಿಡಬಾರದು. ಕಾಡಂಚಿನ ಊರುಗಳಲ್ಲಿ ನಾಲ್ಕು ಕಾಲಿನ ನಾಯಿಯೇ ಚಿರತೆಗೆ ತುತ್ತಾಗುತ್ತದೆ.

ಹೊಲಿಗೆ ಬಿಚ್ಚಿ, ಕೂದಲು ಮೂಡಿ, ನಾಯಿ ಮತ್ತೆ ತೋಟದ ದಾರಿ ಹಿಡಿಯಲು ಹವಣಿಸುವ ದಿನ ಬರುತ್ತದೆ. ಅದಕ್ಕೆ ಮೊದಲು ಮನೆಯ ಯಜಮಾನನು ಬೇಲಿಯ ಸುತ್ತ ಒಮ್ಮೆ ತಾನೇ ನಡೆದು ಬರಬೇಕು. ಹಂದಿಗೆಂದು ಕೂಲಿಯವನು ಒಡ್ಡಿದ ತಂತಿಯಾದರೂ ಅದು ಯಜಮಾನನ ತೋಟದ್ದೇ; ಕೃತ, ಕಾರಿತ, ಅನುಮೋದನೆಗಳಲ್ಲಿ ಯಾವುದೋ ಒಂದರಲ್ಲಿ ಅವನ ಪಾಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೂ ಉರುಳು ವಿರುದ್ಧವಾದುದು. ಕಂಡ ತಂತಿಗಳನ್ನು ಬಿಚ್ಚಿ, ಸುತ್ತಿ, ಮನೆಗೆ ತಂದು, ಪಕ್ಕದ ತೋಟದವರೊಡನೆಯೂ ಮಾತಾಡಿದ ಮೇಲೆ ನಾಯಿಯ ಹಗ್ಗವನ್ನು ಬಿಚ್ಚಬಹುದು.