‘ಎಲ್ಲಾ ಸರಿಯಾಯ್ತು’ ಅಂದಿದ್ದೆ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಣ್ಣ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಮಳೆಗಾಲದ ಒಂದು ಸಂಜೆ ಕರೆಂಟ್ ಹೋಯಿತು, ಯುಪಿಎಸ್ ಐದು ನಿಮಿಷವೂ ತಡೆಯಲಿಲ್ಲ. ಬ್ಯಾಟರಿ ಹಳತಾಗಿದೆ ಅಂತ ನನಗೆ ಗೊತ್ತಿತ್ತು. ಬದಲಿಸಬೇಕು ಅಂದುಕೊಳ್ಳುತ್ತಲೇ ಎರಡು ತಿಂಗಳು ಕಳೆದಿದ್ದೆ. ಕರೆಂಟ್ ಬಂದರೂ ಸರ್ವರ್ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಲಿನಕ್ಸ್ ಹೇಳುತ್ತಿದ್ದದ್ದು ಇಷ್ಟೇ: ಫೈಲ್ ಸಿಸ್ಟಮ್ ಕೆಟ್ಟಿದೆ, ಎಫ್‌ಎಸ್‌ಸಿಕೆ ನೀವೇ ಓಡಿಸಿ.

ಎಫ್‌ಎಸ್‌ಸಿಕೆ ಅನ್ನೋದು ಡಿಸ್ಕಿನ ಲೆಕ್ಕ ತಪಾಸಣೆ ಮಾಡುವ ಸಾಧನ. ಪ್ರತಿ ತೊಡಕಿಗೂ ನಿಂತು ಕೇಳುತ್ತದೆ: ಇದನ್ನು ಅಳಿಸಲೇ? ಇದನ್ನು ಸರಿಪಡಿಸಲೇ? ಇಂಥ ಪ್ರಶ್ನೆಗಳು ನೂರಾರು ಬರಬಹುದು. ಅದಕ್ಕೇ ‘ವೈ’ ಅನ್ನೋ ಒಂದು ಆಯ್ಕೆ ಇದೆ, ಕೊಟ್ಟರೆ ಎಲ್ಲದಕ್ಕೂ ಒಟ್ಟಿಗೇ ‘ಹೂಂ’ ಅಂದ ಹಾಗೆ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಮೊದಲು ಇಡೀ ಡಿಸ್ಕನ್ನು ನಕಲು ಮಾಡಿಕೊಂಡು ಆಮೇಲೆ ರಿಪೇರಿಗೆ ಕೈಹಾಕಬೇಕು. ಆದರೆ ರಾತ್ರಿ ಹತ್ತಾಗಿತ್ತು. ನಕಲು ಮಾಡಲಿಲ್ಲ. ಹೂಂ ಅಂದೆ.

ಕೆಟ್ಟಿದ್ದ ಸಿಸ್ಟಮ್ ಫೈಲುಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಿದೆ. ಅವು ಎಲ್ಲರ ಸರ್ವರಿನಲ್ಲೂ ಒಂದೇ, ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತದೆ. ಮಧ್ಯರಾತ್ರಿ ಹೊತ್ತಿಗೆ ಸರ್ವರ್ ಎದ್ದಿತು. ಬೆಳಿಗ್ಗೆ ಸಾಹೇಬರು, “ಎಲ್ಲಾ ಸರಿಯಾಯ್ತೇನ್ರೀ?” ಅಂದರು. “ಎಲ್ಲಾ ಸರಿಯಾಯ್ತು ಸಾರ್” ಅಂದೆ.

ಆ ‘ಸರಿ’ ಅನ್ನೋ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ಎಫ್‌ಎಸ್‌ಸಿಕೆ ಕಳೆದುಹೋದದ್ದನ್ನು ಹುಟ್ಟಿಸಿ ಕೊಡುವುದಿಲ್ಲ, ಉಳಿದದ್ದನ್ನು ತಾಳೆ ಮಾಡುತ್ತದೆ ಅಷ್ಟೆ. ಕಿರ್ದಿಗೂ ಖಾತೆಗೂ ಹೊಂದದ ಚೀಟಿಯನ್ನು ಹರಿದು ಬಿಸಾಡಿದರೂ ಲೆಕ್ಕ ತಾಳೆಯಾಗುತ್ತದಲ್ಲ, ಹಾಗೆ. ತಾಳೆಯಾದದ್ದೆಲ್ಲ ನಿಜ ಅಂತಲ್ಲ.

ಲಿನಕ್ಸಿನಲ್ಲಿ ಫೈಲಿಗೆ ತನ್ನ ಹೆಸರು ಗೊತ್ತಿರುವುದಿಲ್ಲ. ಹೆಸರು ಬರೆದಿರುವುದು ಫೋಲ್ಡರಿನಲ್ಲಿ, ಫೈಲಿಗಿರುವುದು ಐನೋಡ್ ಅನ್ನೋ ಒಂದು ನಂಬರು. ಫೋಲ್ಡರೇ ಅಳಿದರೆ ಉಳಿದ ಫೈಲುಗಳನ್ನು ಎಫ್‌ಎಸ್‌ಸಿಕೆ ‘ಲಾಸ್ಟ್ ಪ್ಲಸ್ ಫೌಂಡ್’ ಅನ್ನೋ ಜಾಗಕ್ಕೆ ತಂದು, ನಂಬರನ್ನೇ ಹೆಸರು ಮಾಡಿ ಹಾಕುತ್ತದೆ. ಸಾಮಾನ್ಯ ಬಳಕೆದಾರರು ಅದನ್ನು ತೆರೆಯೋಕಾಗಲ್ಲ. ನಾನು ತೆರೆಯಬಹುದಿತ್ತು, ತೆರೆದೆ. ಇನ್ನೂರಕ್ಕೂ ಹೆಚ್ಚು ಅನಾಥ ಫೈಲುಗಳಿದ್ದವು. ಬಿಡುವಾದಾಗ ನೋಡೋಣ ಅಂತ ಸುಮ್ಮನಾದೆ.

ನಾಲ್ಕನೇ ದಿನ ಅಕೌಂಟ್ಸ್ ಮೇಡಂ ಹಿಂದಿನ ತಿಂಗಳ ವೋಚರುಗಳನ್ನು ಹುಡುಕಿದರು. ಫೋಲ್ಡರೇ ಇಲ್ಲ. ಬ್ಯಾಕಪ್ ಅದಕ್ಕಿಂತ ಹಳೆಯದು. ಸರ್ವರ್ ಯಾವ ಎರರನ್ನೂ ತೋರಿಸುತ್ತಿಲ್ಲ. ಅಂದಮೇಲೆ ತಪ್ಪು ಸ್ಕ್ಯಾನ್ ಮಾಡುವ ಹುಡುಗನದ್ದೇ ಅಂತಾಯಿತು. ಹೊಸದಾಗಿ ಸೇರಿದ್ದ. “ಸ್ಕ್ಯಾನೇ ಮಾಡಿಲ್ಲ, ಮಾಡ್ದೆ ಅಂತ ಸುಳ್ಳು ಬೇರೆ” ಅಂತ ಎಲ್ಲರೆದುರು ಬೈಸಿಕೊಂಡ. ನಾನು ಪಕ್ಕದ ಟೇಬಲ್ಲಿನಲ್ಲೇ ಕೂತಿದ್ದೆ.

ನಾನೇನು ಸುಳ್ಳು ಹೇಳಿದ್ದೆನಾ? ಸರ್ವರ್ ಓಡುತ್ತಿತ್ತಲ್ಲ ಅಂತ ಆ ರಾತ್ರಿಯಿಡೀ ವಾದ ಮಾಡಿಕೊಂಡೆ. ಆದರೆ ನಾನು ಬಾಯಿಬಿಡದೆ ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ, ಅಲ್ಲಿಗೆ ಆ ಹುಡುಗನನ್ನು ಎಳೆದು ನಿಲ್ಲಿಸಿದರು. ಹೂಂ ಒತ್ತಿದ್ದೇ ಅಪರಾಧ ಅಂತ ನಾನು ಹೇಳಲಾರೆ, ಎಷ್ಟೋ ಸಲ ಬೇರೆ ದಾರಿಯೇ ಇರೋದಿಲ್ಲ. ತಪ್ಪಿದ್ದದ್ದು ‘ಎಲ್ಲಾ’ ಅನ್ನೋ ಮಾತಿನಲ್ಲಿ. ಎದ್ದದ್ದೆಷ್ಟು, ಹೋದದ್ದೆಷ್ಟು ಅಂತ ಎರಡನ್ನೂ ಹೇಳಬೇಕಿತ್ತು.

ಮರುದಿನ ಸಾಹೇಬರ ಮುಂದೆ, ಮೇಡಂ ಮುಂದೆ ಬ್ಯಾಟರಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈದರು, ಬೈಸಿಕೊಂಡೆ. ಆಮೇಲೆ ಆ ಹುಡುಗನೂ ನಾನೂ ಕೂತು ನಂಬರಿನ ಫೈಲುಗಳನ್ನು ಒಂದೊಂದಾಗಿ ತೆರೆದು ಹೆಸರಿಟ್ಟೆವು. ಹೆಚ್ಚಿನವು ಸಿಕ್ಕವು, ಕೆಲವು ಹೋಗೇಬಿಟ್ಟಿದ್ದವು. ಅವನದೇ ಸ್ಕ್ಯಾನ್ ಒಂದು ಪರದೆಯ ಮೇಲೆ ಬಂದಾಗ ಅವನು ಮೆಲ್ಲಗೆ ಹೇಳಿದ, “ಸಾರ್, ನಾನು ಮಾಡಿದ್ದೆನೋ ಇಲ್ವೋ ಅಂತ ನನಗೇ ಅನುಮಾನ ಬಂದ್ಬಿಟ್ಟಿತ್ತು.”