ದುಃಖವೂ ಅರ್ಪಿತವಾಗಬೇಕು



ದೇಹಕ್ಕೆ ಜ್ವರ ಬಂದರೆ ಮನೆಯವರೆಲ್ಲ ಹಾಸಿಗೆಯ ಸುತ್ತ ಕೂಡುತ್ತಾರೆ. ಮನಸ್ಸು ಕುಗ್ಗಿದವನಿಗೆ ಮಾತ್ರ “ಧೈರ್ಯ ತಂದುಕೋ, ಪೂಜೆ ಮಾಡಿಕೊಂಡಿರು, ಎಲ್ಲವೂ ಶಿವನ ಪ್ರಸಾದವೆಂದು ತಿಳಿ” ಎಂದು ಹೇಳಿ ಎದ್ದುಹೋಗುತ್ತಾರೆ. ಹೇಳುವವರ ಉದ್ದೇಶ ಒಳ್ಳೆಯದೇ ಹೌದು. ಆದರೆ ಆ ಮಾತಿನಿಂದ ನೊಂದವನ ಬಾಯಿ ಮುಚ್ಚೀತೇ ಹೊರತು ನೋವು ಮಾಯುವುದಿಲ್ಲ.

ನಮ್ಮ ಸೀಮೆಯಲ್ಲಿ ನೋವಿಗೆ ಕಾರಣಗಳು ಅನೇಕ. ಇಂಡಿ, ಸಿಂದಗಿಗಳ ಕಡೆ ಮಳೆ ತಪ್ಪಿದರೆ ತೊಗರಿ ಒಣಗುತ್ತದೆ. ಭೀಮೆ ಉಕ್ಕಿದರೆ ದಂಡೆಯ ಬೆಳೆ ಕೊಚ್ಚಿಹೋಗುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕೃಷ್ಣಾತೀರದಲ್ಲಿ ಆಲಮಟ್ಟಿ, ನಾರಾಯಣಪುರ ಜಲಾಶಯಗಳಿಗಾಗಿ ಊರುಗಳು ಮುಳುಗಿದವು. ಅಲ್ಲಿಯ ಒಕ್ಕಲುಗಳು ಹುಟ್ಟಿದ ಮನೆಯನ್ನೂ ಹಿರಿಯರ ಸಮಾಧಿಗಳನ್ನೂ ನೀರಿಗೆ ಬಿಟ್ಟು ಹೊಸ ಊರುಗಳಿಗೆ ನಡೆದರು. ಪರಿಹಾರದ ಹಣಕ್ಕೆ ಲೆಕ್ಕವುಂಟು. ಆ ಅಗಲಿಕೆಯ ಅಳಲಿಗೆ ಲೆಕ್ಕವೆಲ್ಲಿ?

ಅಳಲೆಲ್ಲವೂ ರೋಗವಲ್ಲ. ಆದರೆ ಎರಡು ವಾರಗಳಿಗೂ ಮಿಕ್ಕು ಮನಸ್ಸು ಬರಿದಾಗಿ, ನಿದ್ರೆ ಆಹಾರಗಳು ಕೆಟ್ಟು, ಪ್ರಿಯವಾದುದರಲ್ಲಿಯೂ ರುಚಿ ತಪ್ಪಿ, ತಾನು ಯಾತಕ್ಕೂ ಬೇಡದವನೆಂಬ ಭಾವ ನೆಲೆಸಿದರೆ ಅದು ಖಿನ್ನತೆಯೆಂಬ ವ್ಯಾಧಿ. ಅದು ಭಕ್ತಿಯ ಕೊರತೆಯೂ ಅಲ್ಲ, ಪೂರ್ವಜನ್ಮದ ಪಾಪವೂ ಅಲ್ಲ.

ಎಲ್ಲವೂ ಪ್ರಸಾದವೆಂಬ ಮಾತು ನಿಜವೇ. ಆದರೆ ಪದಾರ್ಥವು ತಾನೇ ಪ್ರಸಾದವಾಗುವುದಿಲ್ಲ; ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದವಾಗುತ್ತದೆ. ಕಣ್ಣಿನಿಂದ ಕಾಣದುದನ್ನು, ಕೈಯಲ್ಲಿ ಹಿಡಿಯದುದನ್ನು ಅರ್ಪಿಸುವುದೆಂತು? ದುಃಖವನ್ನು ಅದುಮಿಟ್ಟವನು ಅದನ್ನು ಅರ್ಪಿಸಿದವನಲ್ಲ, ಬಚ್ಚಿಟ್ಟವನು. ಬಚ್ಚಿಟ್ಟ ಅನ್ನ ಹಳಸುವಂತೆ ಬಚ್ಚಿಟ್ಟ ದುಃಖವೂ ಹಳಸುತ್ತದೆ.

ರೂಪವನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಬೇಕೆಂಬುದು ನಮ್ಮ ಆಚಾರ್ಯರೂ ಶರಣರೂ ತೋರಿದ ಕ್ರಮ. ಮನಸ್ಸಿನ ಚಿಕಿತ್ಸೆಯಲ್ಲಿಯೂ ಇಂಥದೇ ಒಂದು ಕ್ರಮ ಕಾಣುತ್ತದೆ. ಕೆನಡಾ ದೇಶದ ಲೆಸ್ಲಿ ಗ್ರೀನ್‌ಬರ್ಗ್ ಮೊದಲಾದ ಮನಶ್ಶಾಸ್ತ್ರಜ್ಞರು ಭಾವವನ್ನೇ ಕೇಂದ್ರವಾಗಿ ಉಳ್ಳ ಚಿಕಿತ್ಸೆಯೊಂದನ್ನು ರೂಪಿಸಿ, ಖಿನ್ನರಾದವರಲ್ಲಿ ಪರೀಕ್ಷಿಸಿ ಪ್ರಯೋಜನ ಕಂಡಿದ್ದಾರೆ. ಮೊದಲು ಭಾವದ ರೂಪವನ್ನು ಕಾಣಬೇಕು. ಸಾಲದಲ್ಲಿ ಬಿದ್ದ ಗೃಹಸ್ಥನು ಮಡದಿ ಮಕ್ಕಳ ಮೇಲೆ ಸಿಡುಕುತ್ತಾನೆ. ಹೊರಗೆ ಕಾಣುವುದು ಕೋಪ. ಅದರ ಕೆಳಗೆ ನಾಚಿಕೆ. ಅದಕ್ಕೂ ಕೆಳಗೆ ತಂದೆ ಕೊಟ್ಟ ಹೊಲವನ್ನು ಉಳಿಸಿಕೊಳ್ಳಲಾರದ ದುಃಖ. ಕೋಪಕ್ಕೆ ಮಾತ್ರ ಮದ್ದು ಹುಡುಕಿದರೆ ದುಃಖವು ಹಾಗೆಯೇ ಉಳಿಯುತ್ತದೆ. ಎರಡನೆಯದಾಗಿ ಆ ಭಾವದ ರುಚಿಯನ್ನು, ಕಹಿಯಾದರೂ ಸರಿ, ನಂಬುಗೆಯವರ ಮುಂದೆ ತಾಳಿಕೊಂಡು ಅನುಭವಿಸಬೇಕು. ಬರಿದೆ ಅತ್ತರೆ ಸಾಲದು. ಅಳು ಏನನ್ನು ಬೇಡುತ್ತಿದೆಯೆಂದು ಅರಿಯಬೇಕು. ಅರಿತಾಗ ‘ನಾನು ಕೆಟ್ಟವನು’ ಎಂಬ ಮಾತು ‘ನನಗೆ ಪ್ರಿಯವಾದುದು ಹೋಯಿತು’ ಎಂಬ ಮಾತಾಗಿ ತಿರುಗುತ್ತದೆ. ಮೊದಲನೆಯದು ಮನುಷ್ಯನನ್ನು ಕೊಲ್ಲುವ ಮಾತು; ಎರಡನೆಯದು ಅವನನ್ನು ಬಂಧುಗಳ ನಡುವೆ ಕರೆತರುವ ಮಾತು. ತೃಪ್ತಿಗೆ ಬಾಗಿಲು ಅಲ್ಲಿ ತೆರೆಯುತ್ತದೆ.

ಕಲ್ಯಾಣದ ಅನುಭವಮಂಟಪವನ್ನು ನೆನೆಯಿರಿ. ಅಕ್ಕಮಹಾದೇವಿ ಅಲ್ಲಿಗೆ ಬಂದಾಗ ಅಲ್ಲಮಪ್ರಭುಗಳು ಕಠಿನವಾದ ಪ್ರಶ್ನೆಗಳನ್ನು ಕೇಳಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಆಕೆ ಉತ್ತರಿಸಿದಳು, ಶರಣರು ಕಿವಿಗೊಟ್ಟರು. ನಮ್ಮ ಬಾಗೇವಾಡಿಯ ಮಗನಾದ ಬಸವಣ್ಣನವರಾದರೋ ತಮ್ಮ ಮನದ ಚಂಚಲತೆಯನ್ನೂ ಅಂಜಿಕೆಯನ್ನೂ ಮುಚ್ಚಿಡದೆ ದೇವನ ಮುಂದೆ ತೋಡಿಕೊಂಡರು. ಬಿಜ್ಜಳನ ಭಂಡಾರಿಗೆ ಇದರಿಂದ ಕುಂದು ಬರಲಿಲ್ಲ. ಅಂದ ಮೇಲೆ ಒಕ್ಕಲಿಗನೊಬ್ಬನು ಕಣ್ಣೀರಿಟ್ಟರೆ ಕುಂದು ಬರುವುದುಂಟೆ?

ವಚನಗಳು ಔಷಧಾಲಯವಲ್ಲ; ವೈದ್ಯರನ್ನು ಬಿಟ್ಟು ಪಾರಾಯಣವನ್ನಷ್ಟೇ ಮಾಡಿರೆಂದು ಶರಣರು ಹೇಳಲಿಲ್ಲ. ಆದುದರಿಂದ ಗೃಹಸ್ಥರು ಮೂರು ಮಾತುಗಳನ್ನು ನೆನಪಿಡಬೇಕು. ನೊಂದವರು ಮಾತಿಗೆ ತೊಡಗಿದಾಗ ನಡುವೆ ಬಾಯಿಹಾಕಿ ಉಪದೇಶಿಸಬೇಡಿರಿ. ಸರ್ಕಾರಿ ಆಸ್ಪತ್ರೆಗಾಗಲಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ಗಾಗಲಿ ಕರೆದೊಯ್ಯಲು ನಾಚಬೇಡಿರಿ. ವೈದ್ಯರು ಕೊಟ್ಟ ಗುಳಿಗೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿರಿ. 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಣವಿಲ್ಲದೆ ಕರೆಮಾಡಬಹುದು. ಮೂರನೆಯದಾಗಿ, “ಈ ಬಾಳು ಸಾಕು” ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ; ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಜಂಗಮನು ಬಾಗಿಲಿಗೆ ಬಂದರೆ ಎದ್ದು ನಿಲ್ಲುವ ಮನೆ ನಮ್ಮದು. ನೊಂದ ಜೀವವೂ ಜಂಗಮವೇ. ಅದಕ್ಕೆ ಮೊದಲು ಸಲ್ಲಬೇಕಾದ ದಾಸೋಹವು ಅನ್ನವಲ್ಲ, ಕಿವಿ.